ನಾಯಿ ನಿನ್ನೆ ಯಾವ ನೀರಿಗೆ ಇಳಿದಿತ್ತು?

ಪಶುವೈದ್ಯಕೀಯ ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ಈ ಪ್ರಶ್ನೆ ಕೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ವಾಂತಿ ಯಾವಾಗಿನಿಂದ, ಊಟಕ್ಕೆ ಏನು ಹಾಕಿದಿರಿ, ಲಸಿಕೆ ಆಗಿದೆಯೇ, ಜಂತುಹುಳದ ಮಾತ್ರೆ ಕೊಟ್ಟಿದ್ದೀರಾ, ಇಷ್ಟು ಕೇಳಿ ಚೀಟಿ ಬರೆಯಲು ಕೂರುತ್ತಿದ್ದೆ. ನೀರಿನ ಬಗ್ಗೆ ಕೇಳಿದರೂ ‘ಕುಡಿಯುತ್ತಿದೆಯೇ’ ಎಂದಷ್ಟೇ ಕೇಳುತ್ತಿದ್ದೆ.

ರಾಮನಗರದ ಒಂದು ಖಾಸಗಿ ಪಶು ಕ್ಲಿನಿಕ್ಕಿನಲ್ಲಿ ಆರು ವರ್ಷ ಕೆಲಸ ಮಾಡಿ ಬಿಟ್ಟಿದ್ದೇನೆ. ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಒಂದು ನಾಯಿ ಕಚ್ಚಿದ ಮೇಲೆ ಬಲಗೈಯ ಎರಡು ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ. ಮುಂಗಾಲಿನ ರಕ್ತನಾಳವನ್ನು ಬೆರಳಲ್ಲಿ ಹುಡುಕಲಾಗದವಳು ಆ ಮೇಜಿನ ಮುಂದೆ ನಿಲ್ಲಬಾರದು. ಅದರ ಬಗ್ಗೆ ಇಷ್ಟು ಸಾಕು. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಕಿರಿಯರು ನೀರಿನ ಕೇಸುಗಳ ಬಗ್ಗೆ ಬರೆದುಕೊಡಿ ಎಂದು ಎರಡು ಸಲ ಕೇಳಿದರು. ಅವರಿಗಾಗಿ ಇದು.

ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ. ಬಸ್ಸಿನಲ್ಲಿ ಹೋಗುವಾಗ ಕೆರೆ ಬಂದರೆ ಕೈಯಲ್ಲಿರುವ ಪುಸ್ತಕ ಮುಚ್ಚುತ್ತೇನೆ. ನೀರು ಯಾವ ಬಣ್ಣ, ಗಾಳಿ ಯಾವ ಕಡೆಗೆ, ಪಾಚಿಯ ಕೆನೆ ಯಾವ ದಡಕ್ಕೆ ಸರಿದಿದೆ, ಆ ದಡದಲ್ಲಿ ನಾಯಿ ಇದೆಯೇ ಎಂದು ನೋಡುತ್ತೇನೆ. ಕೆರೆ ಹಿಂದೆ ಸರಿದ ಮೇಲೂ ಓದು ಮುಂದುವರಿಯುವುದಿಲ್ಲ.

ಕ್ಲಿನಿಕ್ಕು ನಡೆಸುತ್ತಿದ್ದವರು ಡಾ. ಶಿವಲಿಂಗಯ್ಯ. ಸರ್ಕಾರಿ ಸೇವೆಯಲ್ಲಿ ಜಿಲ್ಲೆಯ ನಾಲ್ಕೂ ತಾಲ್ಲೂಕು ಸುತ್ತಿ ನಿವೃತ್ತರಾದ ಮೇಲೆ ಅದನ್ನು ತೆರೆದಿದ್ದರು. ನಾನು ಸೇರಿದ ಮೊದಲ ತಿಂಗಳಲ್ಲಿ ಚನ್ನಪಟ್ಟಣದಿಂದ ಒಬ್ಬರು ಕಂದು ಬಣ್ಣದ ನಾಯಿ ತಂದರು. ಎರಡು ದಿನದಿಂದ ವಾಂತಿ, ಭೇದಿ. ನಾನು ಎಲ್ಲ ಕೇಳಿದೆ. ಕೊನೆಗೆ, ಸರ್ ಆಗಷ್ಟೇ ಹೇಳಿಕೊಟ್ಟಿದ್ದಂತೆ, ಹೊರಗೆ ಎಲ್ಲಾದರೂ ನೀರಿಗೆ ಇಳಿದಿತ್ತೇ ಎಂದೂ ಕೇಳಿದೆ.

“ಏ, ಇಲ್ಲ ಮೇಡಂ. ನಮ್ ನಾಯಿ ಗೇಟೇ ದಾಟಲ್ಲ” ಎಂದರು.

ಸರ್ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ನಾಯಿಯ ಕತ್ತಿನ ಹಿಂದೆ ಮೂಗಿಟ್ಟು ವಾಸನೆ ನೋಡಿದರು. “ಯಾವ ಕೆರೇಲಿ ಮೈ ತೊಳಿಸ್ತೀರಪ್ಪ ಇದಕ್ಕೆ?” ಎಂದರು.

“ಕೆರೆಗೆ ಕರ್ಕೊಂಡೋಗಕ್ಕೆ ಪುರುಸೊತ್ತೆಲ್ಲೈತೆ ಸಾ? ಅದೇ ನಮ್ ರೀಲಿಂಗ್ ಶೆಡ್ ಹಿಂದ್ಗಡೆ ಗುಂಡಿ ಐತಲ್ಲ, ಅದ್ರಲ್ಲಿ ಬಿದ್ದು ಒದ್ದಾಡ್ಕೊಂಡು ತಾನೇ ಬತ್ತದೆ.”

ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ನೀರು ಆ ಗುಂಡಿಗೆ ಹೋಗುತ್ತಿತ್ತು. ಅದರಲ್ಲಿ ಬೆಂದ ಹುಳಗಳು ತೇಲುತ್ತವೆ. ಆ ವಾಸನೆಗೆ ನಾಯಿಗಳು ಕಿಲೋಮೀಟರುಗಟ್ಟಲೆ ಬರುತ್ತವೆ. ಈಜುವ ನೆಪದಲ್ಲಿ ಇಳಿಯುತ್ತವೆ, ತಿಂದು ಕುಡಿದು ಹೊರಬರುತ್ತವೆ. ಅವರು ಹೋದ ಮೇಲೆ ಸರ್ ನನಗೆ ಹೇಳಿದರು: “ನೀರಿಗೆ ಇಳಿದಿತ್ತಾ ಅಂತ ಕೇಳಿದ್ರೆ, ನಾಯಿನ ಸರಿಯಾಗಿ ನೋಡ್ಕೊಂಡಿಲ್ವಾ ಅಂತ ಕೇಳ್ದಂಗೆ ಕಣಮ್ಮ. ಇಲ್ಲ ಅಂತಾನೇ ಅಂತಾರೆ. ಎಲ್ಲಿ ಮೈ ತೊಳಿಸ್ತೀರಿ ಅಂತ ಕೇಳು. ಜಂಬದಿಂದ ಹೇಳ್ತಾರೆ.”

ಮುಂದಿನ ಆರು ವರ್ಷ ಹಾಗೆಯೇ ಕೇಳಿದೆ. ಒಬ್ಬರೂ ‘ಇಲ್ಲ’ ಎನ್ನಲಿಲ್ಲ.

ಕನಕಪುರದ ಕಡೆಯ ಕಲ್ಲು ಕ್ವಾರಿಗಳ ಗುಂಡಿಗಳದು ಬೇರೆ ಕಥೆ. ಕೆಲಸ ನಿಂತ ಗುಂಡಿಯಲ್ಲಿ ಮಳೆನೀರು ತುಂಬಿ, ಮೇಲಿನಿಂದ ನೋಡಿದರೆ ಈಜುಕೊಳದಂತೆ ನೀಲಿಯಾಗಿ ಕಾಣುತ್ತದೆ. ಅಲ್ಲಿನ ಅಪಾಯ ದಡ. ಇಳಿದ ನಾಯಿಗೆ ಹತ್ತಲು ಜಾಗವಿರುವುದಿಲ್ಲ, ಎಲ್ಲ ಕಡೆಯೂ ಗೋಡೆಯಂತೆ ಸೀಳಿದ ಬಂಡೆ. ದಣಿಯುವವರೆಗೂ ಸುತ್ತುತ್ತದೆ. ಇಳಿಸುವ ಮೊದಲು ಅದು ಎಲ್ಲಿಂದ ಹತ್ತಿ ಬರುತ್ತದೆ ಎಂದು ನೋಡಿ, ಆ ಜಾಗದಲ್ಲಿ ನೀವೇ ಒಂದು ಸಲ ಇಳಿದು ಹತ್ತಿ ಎಂದು ಹೇಳುವುದನ್ನು ಅಲ್ಲಿ ಕಲಿತೆ.

ಒಂದು ಭಾನುವಾರ ಬೆಂಗಳೂರಿನ ದಂಪತಿ ತಮ್ಮ ಲ್ಯಾಬ್ರಡಾರಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಹಾಕಿ ಒಂದು ಕೆರೆಗೆ ಇಳಿಸಿದ್ದರು. ಅಲ್ಲೇ ಹತ್ತಿರದ ಊರಿನಲ್ಲಿ ಹಸು ನೋಡಲು ಹೋಗಿದ್ದ ನಾನು ದಡದಲ್ಲಿ ನಿಂತೆ. ಎಮ್ಮೆ ಮೈ ತೊಳೆಯುತ್ತಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

“ನಾಯ್ಗೂ ಸ್ವೆಟರ್ ಹಾಕವ್ರೆ ನೋಡ್ಲಾ.”

“ಚಳಿ ಆಯ್ತದೆ ಕಣ್ಲಾ ಸಿಟಿ ನಾಯ್ಗೆ. ನಿನ್ ಎಮ್ಮೆಗೂ ಒಂದ್ ಹೊಲ್ಸು.”

“ನಂಗೇ ಇಲ್ಲ, ಎಮ್ಮೆಗಂತೆ!”

ಜಾಕೆಟ್ಟು ಒಳ್ಳೆಯದೇ. ಆದರೆ ಅವರು ಚೆಂಡನ್ನು ಮತ್ತೆ ಮತ್ತೆ ಎಸೆಯುತ್ತಿದ್ದರು. ಬಾಯಿ ತೆರೆದು ಚೆಂಡು ಕಚ್ಚುವ ಪ್ರತಿ ಸಲವೂ ನಾಯಿ ನೀರು ನುಂಗುತ್ತದೆ. ನಾನು ಹೋಗಿ, ಸಾಕು ಮಾಡಿ, ಈ ಕೆರೆಗೆ ಪಟ್ಟಣದ ಚರಂಡಿ ಸೇರುತ್ತದೆ ಎಂದೆ. ಅವರಿಗೆ ಗೊತ್ತಿರಲಿಲ್ಲ. ಕಾರಿನಲ್ಲಿದ್ದ ಕುಡಿಯುವ ನೀರಿನ ಕ್ಯಾನಿನಲ್ಲಿ ಅಲ್ಲೇ ಅದರ ಮೈ ತೊಳೆಸಿ, ಕಿವಿ ಒರೆಸಿ, ಮೈ ನೆಕ್ಕಿಕೊಳ್ಳಲು ಬಿಡದೆ ಕಳಿಸಿದೆ. ನಾಯಿಯ ಹೊಟ್ಟೆಗೆ ಹೋಗುವ ವಿಷದ ಒಂದು ಪಾಲು ನೀರಿನಲ್ಲಿ, ಇನ್ನೊಂದು ಪಾಲು ಮನೆಗೆ ಬಂದ ಮೇಲೆ ಅದರ ಕೂದಲಿನಿಂದ. ಇದನ್ನು ಹೇಳದೆ ಯಾರನ್ನೂ ಕಳಿಸಬೇಡಿ.

ನಾನು ಸೇರಿದಾಗ ರೋಗಿ ಬಂದ ಕೂಡಲೇ ಮೇಜಿನ ಮೇಲೆ ಮಲಗಿಸುತ್ತಿದ್ದೆವು. ನಾನು ಕೆಲಸ ಬಿಡುವ ಹೊತ್ತಿಗೆ, ನೀರಿನಿಂದ ಬಂದ ನಾಯಿಯನ್ನು ಮೊದಲು ಗ್ಲೌಸ್ ತೊಟ್ಟು ಅಂಗಳದ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದು, ಆಮೇಲೆ ಒಳಗೆ ತರುತ್ತಿದ್ದೆವು. ಈ ಬದಲಾವಣೆಗೆ ನನ್ನದೇ ಒಂದು ತಪ್ಪು ಕಾರಣ. ಹಳದಿ ಕಣ್ಣಿನ ನಾಯಿಯೊಂದು ಬಂದಿತ್ತು. ಅದರ ಮೂತ್ರದಲ್ಲಿ ನೆನೆದ ಗೋಣಿಚೀಲವನ್ನು ಬರಿಗೈಯಲ್ಲಿ ಎತ್ತಿ ಹಾಕಿದೆ. ಸರ್ ಅಷ್ಟು ಜೋರಾಗಿ ಕೂಗಿದ್ದನ್ನು ಅದೊಂದೇ ಸಲ ಕೇಳಿದ್ದು. “ಇಲಿ ಜ್ವರ ಕಣಮ್ಮ ಅದು! ಗ್ಲೌಸ್ ಎಲ್ಲಿ?” ಇಲಿ ಉಚ್ಚೆ ಬೆರೆತ ನೀರಿನಿಂದ ನಾಯಿಗೆ, ನಾಯಿಯಿಂದ ನಮಗೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಎರಡು ವಾರ ದಿನಕ್ಕೆ ಮೂರು ಸಲ ನನ್ನ ಜ್ವರ ನಾನೇ ನೋಡಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಏನೂ ಆಗಲಿಲ್ಲ. ಆದರೆ ಆ ಎರಡು ವಾರದ ನಿದ್ದೆ ವಾಪಸು ಬರಲಿಲ್ಲ.

ಫೋನಿಗೆ ಚಿತ್ರ ಬರುವ ಕಾಲ ಬಂದ ಮೇಲೆ ಜನ ಕೆರೆಯ ಫೋಟೊ ಕಳಿಸಿ “ಇಳಿಸ್ಬೋದಾ ಮೇಡಂ?” ಎಂದು ಕೇಳತೊಡಗಿದರು. ಫೋಟೊದಲ್ಲಿ ವಾಸನೆ ಬರುವುದಿಲ್ಲ. ನೀರು ತನ್ನಿ ಎಂದೆ. ಮಾಗಡಿಯ ಒಬ್ಬರು ತಂಪು ಪಾನೀಯದ ಬಾಟಲಿಯಲ್ಲಿ ತಂದು ಕೊಟ್ಟು, “ತಗಳ್ಳಿ ಬೇಗ. ಫ್ರಿಜ್ಜಲ್ಲಿ ಇಟ್ಟಿದ್ದೆ, ನಮ್ ಮಾವ ಮುಚ್ಚಳ ತೆಗ್ದು ಬಾಯ್ಗಿಟ್ಟಿದ್ರು, ಕಿತ್ಕೊಂಡೆ” ಎಂದರು. ಮಾವ ಕುಡಿದರೇ ಎಂದು ನಾನು ಗಾಬರಿಯಿಂದ ಕೇಳಿದ್ದಕ್ಕೆ, “ಇಲ್ಲ, ಬೈಯ್ಯಕ್ಕೆ ಬಾಯಿ ಖಾಲಿ ಬೇಕಲ್ಲ” ಎಂದು ನಕ್ಕರು.

ಈವರೆಗೆ ಬರೆದದ್ದನ್ನು ಸರ್ ಕೂಡ ಬರೆಯಬಹುದಿತ್ತು. ಇನ್ನು ಮುಂದಿನದು ನನ್ನದು. ಇದನ್ನು ಮೊದಲು ಬರೆದು, ಕೊನೆಗೆ ಸರಿಸಿ, ಎರಡು ಸಲ ಹರಿದುಹಾಕಿದ್ದೇನೆ.

ಮಾಗಡಿ ತಾಲ್ಲೂಕಿನಲ್ಲಿ, ಕೆಂಪಾಪುರಕ್ಕೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಊರು. ಅಲ್ಲಿ ಜಯಮ್ಮ ಎಂಬುವವರು ರೇಷ್ಮೆಹುಳು ಸಾಕುತ್ತಿದ್ದರು. ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜೊತೆಗೆ ಬಂಟ ಎಂಬ ಕಪ್ಪು ನಾಯಿ. ಹುಳುಮನೆಗೆ ಇಲಿ, ಹಲ್ಲಿ, ಬೆಕ್ಕು ಯಾವುದೂ ಹೋಗದ ಹಾಗೆ ಅದು ಬಾಗಿಲಲ್ಲೇ ಮಲಗುತ್ತಿತ್ತು. ಮಧ್ಯಾಹ್ನ ಒಂದು ಸಲ ಊರ ಕಟ್ಟೆಗೆ ಓಡಿ, ಆಚೆ ದಡ ಮುಟ್ಟಿ, ಈಜಿ ವಾಪಸು ಬರುತ್ತಿತ್ತು. ಪಕ್ಕದ ಮನೆ ಅವರ ಮೈದುನ ರಾಜಣ್ಣನದು. ಹಿಂದೊಮ್ಮೆ ಪಂಚಾಯಿತಿ ಸದಸ್ಯರಾಗಿದ್ದವರು, ಊರಿನ ಕೆಲಸಕ್ಕೆ ಈಗಲೂ ಮುಂದೆ ನಿಲ್ಲುವವರು. ಅವರ ಕೋಳಿಗಳನ್ನು ಬಂಟ ಅಟ್ಟಿಸಿಕೊಂಡು ಹೋಗುತ್ತಿತ್ತು. “ಅತ್ಗೆ, ಒಂದಿನ ಇದ್ಕೆ ಏನಾರ ಇಕ್ಬುಡ್ತೀನಿ ನೋಡು” ಎಂದು ನನ್ನೆದುರಿಗೇ ನಗುತ್ತಾ ಅಂದಿದ್ದರು.

ಒಂದು ಬೇಸಿಗೆಯಲ್ಲಿ ಬಂಟನಿಗೆ ಲಸಿಕೆ ಹಾಕಲು ಹೋದಾಗ ಕಟ್ಟೆಯ ನೀರು ಹಸಿರು ಬಣ್ಣ ಕದಡಿ ಸುರಿದಂತೆ ಇತ್ತು. ದಡದಲ್ಲಿ ಕೆನೆ. ಹಿಂದಿನ ದಿನ ಒಂದು ಬೀದಿನಾಯಿ ಅಲ್ಲೇ ಸತ್ತು ಬಿದ್ದಿತ್ತಂತೆ. ಈ ಪಾಚಿಯಲ್ಲಿ ಕೆಲವು ವಿಷದವು, ಕೆಲವು ಅಲ್ಲ, ಕಣ್ಣಿನಲ್ಲಿ ನೋಡಿ ಯಾರೂ ಹೇಳಲಾಗದು ಎಂದೆ. ನಾಯಿ, ದನ ಯಾವುದನ್ನೂ ಬಿಡಬೇಡಿ ಎಂದೆ. ದನಗಳಿಗೆ ಬೋರ್‌ವೆಲ್ಲಿನ ತೊಟ್ಟಿ ಇತ್ತು. ಬಂಟನನ್ನು ಕಟ್ಟಿಹಾಕಬೇಕಾಯಿತು.

“ಇದ್ಕೆ ಏನಾರ ಹಾಕಿ ತೆಗ್ಯಕ್ ಆಗಲ್ವಾ ಮೇಡಂ?” ಎಂದರು ರಾಜಣ್ಣ. ಸುತ್ತ ಏಳೆಂಟು ಜನ ಸೇರಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಕಾಲೇಜಿನ ಸಿಮೆಂಟ್ ತೊಟ್ಟಿಯ ಪಾಚಿಗೆ ತಾಮ್ರದ ನೀಲಿ ಪುಡಿ ಹಾಕುತ್ತಿದ್ದುದು ನೆನಪಿಗೆ ಬಂತು. “ಮೈಲುತುತ್ತ ಹಾಕುತ್ತಾರೆ” ಎಂದೆ.

“ನಂತಾವ ಐತೆ ಬುಡಿ, ತೋಟಕ್ ತಂದಿದ್ದು. ಆಮೇಲೆ ನಾಯಿ ಬುಡ್ಬೋದಾ?”

“ನೀರು ತಿಳಿಯಾಗುವವರೆಗೂ ಕಟ್ಟಿಹಾಕಿರಿ” ಎಂದೆ.

ಇದೇ ಆ ವಾಕ್ಯ. ಹೇಳಿದಾಗ ಎಚ್ಚರಿಕೆಯ ಮಾತಿನಂತೆ ಕೇಳಿಸಿತ್ತು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಅಷ್ಟು ಜನರ ಎದುರು ‘ಗೊತ್ತಿಲ್ಲ’ ಎನ್ನಲು ನಾಲಿಗೆ ಬರಲಿಲ್ಲ, ಅಷ್ಟೆ.

ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ರಾಜಣ್ಣ ಫೋನು ಮಾಡಿ, ಬಂಟ ಬಿದ್ದಿದೆ, ಬಾಯಲ್ಲಿ ನೊರೆ, ಕಾಲು ಸೆಟೆದಿದೆ ಎಂದರು. ಸ್ಕೂಟರಿನಲ್ಲಿ ಹೋಗುವಾಗ ಕಟ್ಟೆ ಕಂಡಿತು. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾಗಿತ್ತು. ಅದನ್ನು ನೋಡಿ, ಹಾಗಾದರೆ ನೀರಿನದಲ್ಲ, ಬೇರೇನೋ ಎಂದುಕೊಂಡೆ. ಮೈ ತೊಳೆಯಲೂ ಹೇಳಲಿಲ್ಲ. ಗ್ಲೂಕೋಸು ಹಾಕಿದೆ, ಸೆಟೆತಕ್ಕೆ ಸೂಜಿ ಕೊಟ್ಟೆ. ಜಯಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಬಂಟ, ಲೋ, ಇಲ್ನೋಡು, ಇಲ್ನೋಡ್ಲಾ” ಎನ್ನುತ್ತಲೇ ಇದ್ದರು. ಸಂಜೆಯ ಬಸ್ಸು ಬರುವ ಮೊದಲೇ ಅದು ಸತ್ತಿತು.

ಜಯಮ್ಮ ಮೈದುನನ ಕಡೆ ತಿರುಗಿ, “ವಿಷ ಇಕ್ದ್ಯಲ್ಲಪ್ಪ ಕೊನೆಗೂ” ಎಂದರು.

ರಾಜಣ್ಣ ಒಂದು ಹೆಜ್ಜೆ ಹಿಂದೆ ಸರಿದರು. “ಅತ್ಗೆ, ತಮಾಸೆಗ್ ಅಂದಿದ್ದು...”

“ಇನ್ ನನ್ ಬಾಕ್ಲಿಗೆ ಬರ್ಬ್ಯಾಡ.”

ನಾನು ತಲೆತಗ್ಗಿಸಿ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ತಲೆ ಎತ್ತಿದಾಗ ಹುಳುಮನೆಯ ಬಾಗಿಲು ಕಂಡಿತು. ರೇಷ್ಮೆ ಬೆಳೆಯುವವರು ತೋಟಕ್ಕೆ ಔಷಧಿ ಹೊಡೆದರೆ, ಇಂಥ ದಿನದವರೆಗೆ ಸೊಪ್ಪು ಕೊಯ್ಯಬಾರದು ಎಂದು ಲೆಕ್ಕವಿಟ್ಟು ಕಾಯುತ್ತಾರೆ. ಒಂದು ದಿನ ಮೊದಲು ಕೊಯ್ದರೂ ಹುಳು ಪೂರಾ ಸಾಯುತ್ತದೆ. ಜಯಮ್ಮ ಆ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದರು. ಅದರ ಕೆಳಗೆ ಅದೇ ಅಕ್ಷರದಲ್ಲಿ ಇತ್ತು: ‘ನೀರು ತಿಳಿ ಆಗೋವರ್ಗೂ ಬಂಟನ್ನ ಕಟ್ಟಿರಬೇಕು. ಡಾಕ್ಟ್ರಮ್ಮ.’ ಮುಂದೆ, ಕಟ್ಟಿಹಾಕಿದ್ದ ದಿನಗಳ ಗೀಟುಗಳು ಹಿಂದಿನ ದಿನಕ್ಕೆ ನಿಂತಿದ್ದವು. ನಾನು ದಿನ ಹೇಳಿದ್ದರೆ ಅವರು ದಿನ ಎಣಿಸುತ್ತಿದ್ದರು. ನಾನು ಬಣ್ಣ ಹೇಳಿದ್ದೆ.

ಅವರ ಅನುಮತಿ ಪಡೆದು ಶವಪರೀಕ್ಷೆ ಮಾಡಿದೆ. ಯಕೃತ್ತು ಊದಿ, ರಕ್ತ ತುಂಬಿ ಕಪ್ಪಾಗಿತ್ತು. ಅದರ ತುಂಡನ್ನೂ ಹೊಟ್ಟೆಯಲ್ಲಿದ್ದುದನ್ನೂ ಕಟ್ಟೆಯ ನೀರನ್ನೂ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ವರದಿಗೆ ಕಾಯುತ್ತಾ ಓದಿದೆ. ಓದಬೇಕಾದದ್ದು ಎರಡೇ ಪುಟ ಇತ್ತು. ಪಾಚಿ ಬದುಕಿರುವಾಗ ವಿಷದ ಹೆಚ್ಚಿನ ಪಾಲು ಅದರ ಒಳಗೇ ಇರುತ್ತದೆ. ಒಮ್ಮೆಲೇ ಕೊಂದರೆ ಒಡೆದು, ಅಷ್ಟೂ ನೀರಿಗೆ ಬರುತ್ತದೆ. ಹಸಿರು ಹೋಗುತ್ತದೆ, ವಿಷ ಉಳಿಯುತ್ತದೆ. ನೋಡಲು ಚೆನ್ನಾಗಿದ್ದಾಗಲೇ ನೀರು ಹೆಚ್ಚು ಅಪಾಯ. ಕುದಿಸಿದರೂ ಹೋಗುವುದಿಲ್ಲ. ವರದಿ ಬಂದಾಗ ಅದರಲ್ಲೂ ಅದೇ ಇತ್ತು. ನೀರಿನಲ್ಲಿ ಪಾಚಿಯ ವಿಷ ಇತ್ತು, ಹೊಟ್ಟೆಯಲ್ಲಿ ಬೇರೆ ಯಾವ ವಿಷವೂ ಸಿಗಲಿಲ್ಲ.

ವರದಿಯನ್ನು ಸರ್ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, “ನೀನು ಬೇಕು ಅಂತ ಮಾಡ್ಲಿಲ್ಲವಲ್ಲ” ಎಂದರು.

“ಅವರಿಗೆ ಹೇಳಬೇಕು ಸರ್.”

“ಹೇಳಿ ಏನಾಯ್ತದಮ್ಮ? ನಾಯಿ ಬರಲ್ಲ. ಆ ಕಡೆ ಹತ್ತು ಊರು ನಿನ್ ಮಾತು ಕೇಳ್ತವೆ. ನಾಳೆ ನೀನು ರೇಬೀಸ್ ಲಸಿಕೆ ಹಾಕಿಸ್ರಪ್ಪ ಅಂದ್ರೂ, ಅವತ್ತು ಮೈಲುತುತ್ತ ಅಂದೋಳು ಇವಳೇ ಅಲ್ವಾ ಅಂತಾರೆ. ನಂಬಿಕೆ ಹೋದ್ರೆ ಸಾಯೋ ನಾಯಿ ಎಷ್ಟು, ಯೋಚ್ನೆ ಮಾಡು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮಾತಿನಲ್ಲಿ ಲೆಕ್ಕ ಸರಿಯಿತ್ತು. ಹತ್ತು ದಿನ ಆ ಲೆಕ್ಕವನ್ನೇ ಹಿಡಿದುಕೊಂಡು ಓಡಾಡಿದೆ. ಬೇರೆ ಊರಿಗೆ ಹೋಗುವಾಗಲೂ ಆ ತಿರುವಿನಲ್ಲಿ ಸ್ಕೂಟರು ತಾನೇ ನಿಧಾನವಾಗುತ್ತಿತ್ತು. ಜಯಮ್ಮ ಮೈದುನನ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ, ಊರಿನಲ್ಲಿ ರಾಜಣ್ಣನನ್ನು ‘ನಾಯಿಗೆ ಇಕ್ಕಿದವನು’ ಎನ್ನುತ್ತಿದ್ದಾರೆ ಎಂದು ಹಾಲಿನ ಡೇರಿಯಲ್ಲಿ ಕೇಳಿದೆ. ಕೇಳಿ ಸುಮ್ಮನೆ ಬಂದೆ. ಆ ಸುಮ್ಮನಿರುವಿಕೆಯನ್ನು ಇಲ್ಲಿ ಬಿಟ್ಟುಬಿಟ್ಟರೆ ಈ ಬರಹ ನಿಮಗೆ ಉಪಯೋಗವಿಲ್ಲ.

ಹನ್ನೊಂದನೆಯ ದಿನ ರಾಜಣ್ಣನೇ ಫೋನು ಮಾಡಿದರು. “ಮೇಡಂ, ನಮ್ ಕಟ್ಟೆ ಕ್ಲೀನಾಗಿದ್ ನೋಡಿ ಪಕ್ಕದೂರ್ನೋರು ಕೇಳ್ತಾವ್ರೆ. ಎಷ್ಟ್ ನೀರಿಗೆ ಎಷ್ಟ್ ಮೈಲುತುತ್ತ ಅಂತ ಒಸಿ ಹೇಳ್ತೀರಾ?”

“ಯಾರೂ ಏನೂ ಹಾಕಬೇಡಿ. ಬರುತ್ತಿದ್ದೇನೆ” ಎಂದೆ.

ಸರ್‌ಗೆ ಹೇಳಿಯೇ ಹೊರಟೆ. ಅವರು ತಡೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ರಾಜಣ್ಣನನ್ನು ಕರೆದುಕೊಂಡು ಜಯಮ್ಮನ ಹುಳುಮನೆಯ ಹತ್ತಿರ ಹೋದೆ. ಅವರು ಒಳಗೆ ಸೊಪ್ಪು ಹಾಕುತ್ತಿದ್ದರು. ಮೈದುನನನ್ನು ನೋಡಿ ಮುಖ ತಿರುಗಿಸಿದರು. ಹುಳುಮನೆಯೊಳಗೆ ಕೈಕಾಲು ತೊಳೆಯದೆ ಹೋಗುವಂತಿಲ್ಲ. ನಾವಿಬ್ಬರೂ ಹೊಸ್ತಿಲ ಹೊರಗೇ ನಿಂತೆವು. ನಿಂತಲ್ಲಿಂದಲೇ ಹೇಳಿದೆ. ಬಂಟ ಸತ್ತದ್ದು ಕಟ್ಟೆಯ ನೀರಿನಿಂದ. ಮೈಲುತುತ್ತ ಪಾಚಿಯನ್ನು ಕೊಂದು ವಿಷವನ್ನು ನೀರಿಗೆ ಬಿಟ್ಟಿತು. ಮೈಲುತುತ್ತ ಎಂದದ್ದು ನಾನು. ತಿಳಿಯಾದರೆ ಬಿಡಬಹುದು ಎನ್ನುವ ಅರ್ಥ ಬರುವಂತೆ ಹೇಳಿದ್ದೂ ನಾನು. ವರದಿ ಬಂದು ಹತ್ತು ದಿನವಾಯಿತು.

ಹುಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಬಿದ್ದಂತೆ, ಕೇಳುತ್ತಿತ್ತು.

“ಅಂಗಾರೆ ಇವ್ನು ಏನೂ ಇಕ್ಕಿಲ್ಲ?” ಎಂದರು ಜಯಮ್ಮ.

“ಇಲ್ಲ.”

ರಾಜಣ್ಣ ಜಗಲಿಯ ಮೇಲೆ ಕೂತರು. “ಅತ್ಗೆ, ನಾನೇ ಕಣವ್ವ ಹಾಕಿದ್ದು. ಈ ಕೈಯಾರೆ ಎರಚಿದ್ನಲ್ಲ, ಪುಡೀನಾ.”

ಜಯಮ್ಮ ಕೈಯಲ್ಲಿದ್ದ ಸೊಪ್ಪನ್ನು ಹುಳು ಸಾಕುವ ತಟ್ಟೆಯ ಮೇಲೆ ಹರಡಿ ಮುಗಿಸಿ, ಹೊಸ್ತಿಲಿಗೆ ಬಂದು, ನನ್ನನ್ನೇ ನೋಡಿದರು. “ನೀರು ತಿಳಿ ಆದ್ಮೇಲೆ ಇನ್ನೆಷ್ಟ್ ದಿನ ಕಟ್ಟಿರ್ಬೇಕಿತ್ತು?”

“ಗೊತ್ತಿಲ್ಲ ಜಯಮ್ಮ. ನೀರು ಪರೀಕ್ಷೆ ಮಾಡಿಸದೆ ಯಾರಿಗೂ ಗೊತ್ತಾಗುವುದಿಲ್ಲ.”

“ಇದ್ನೇ ಅವತ್ತು ಅಂದಿದ್ರೆ ಆಯ್ತಿತ್ತಲ್ಲ ಡಾಕ್ಟ್ರಮ್ಮ. ಗೊತ್ತಿಲ್ಲ ಅಂದಿದ್ರೆ ನಾನು ಅವನ್ನ ಬುಡ್ತಾನೇ ಇರ್ಲಿಲ್ಲ.”

ಇನ್ನೂ ಅರ್ಧ ತಟ್ಟೆಗಳಿಗೆ ಸೊಪ್ಪು ಬೀಳಬೇಕಿತ್ತು. ಕೈ ತೊಳೆದುಕೊಂಡು ಒಳಗೆ ಹೋದರು. ಹೋಗುತ್ತಾ, ಹಿಂದಿರುಗಿ ನೋಡದೆ, “ರಾಜಣ್ಣ, ಆ ಊರ್ನೋರ್ಗೆ ಫೋನ್ ಮಾಡಪ್ಪ ಮೊದ್ಲು” ಎಂದರು.

ರಾಜಣ್ಣ ಕಣ್ಣೊರೆಸಿಕೊಂಡು ಫೋನು ತೆಗೆದರು. ಅವರದು ಹೊಲದಾಚೆಗೂ ಕೇಳುವ ಗಂಟಲು.

“ಲೇ, ಹಾಕ್ಬ್ಯಾಡ ಕಣ್ಲಾ ಮೈಲುತುತ್ತ. ಹಾಕ್ಬ್ಯಾಡ ಅಂದ್ರೆ ಹಾಕ್ಬ್ಯಾಡ... ನಾಯಿ ಕಟ್ಟಾಕು, ದನಾನೂ ಬುಡ್ಬ್ಯಾಡ... ಎಷ್ಟ್ ದಿನ ಅಂದ್ರೆ? ಡಾಕ್ಟ್ರಮ್ಮಂಗೂ ಗೊತ್ತಿಲ್ವಂತೆ ಕಣ್ಲಾ. ಹ್ಞೂಂ, ಅವ್ರೇ ಇಲ್ಲೇ ನಿಂತವ್ರೆ, ಅವ್ರೇ ಅಂದ್ರು, ಗೊತ್ತಿಲ್ಲ ಅಂತ.”

ಅದನ್ನೇ ಒಂದಾದ ಮೇಲೊಂದರಂತೆ ಮೂರು ಊರಿಗೆ ಹೇಳಿದರು. ನಾನು ಮೂರೂ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ.